ಬೋಳಾದ ಕೋಳಿಯನ್ನು ಸಂತೆಗೆ ಒಯ್ಯುವ ಮುಂಚೆ

ಹೋದ ವರ್ಷ ಶೀಗಿ ಹುಣ್ಣಿಮೆ ಕಳೆದು ಒಂದು ವಾರವಾಗಿತ್ತು. ಬೆಳಗ್ಗೆ ಹಿತ್ತಲ ಬಾಗಿಲು ತೆಗೆದರೆ ಅಂಗಳದ ತುಂಬಾ ಪುಕ್ಕ. ರಾತ್ರಿ ಬೆಕ್ಕು ನುಗ್ಗಿ ಯಾವುದನ್ನೋ ಹರಿದು ಹಾಕಿದೆ ಅಂತ ಎದೆ ಧಸಕ್ಕೆಂದಿತು. ಎಣಿಸಿದೆ. ಒಂಬತ್ತು ಕೋಳಿಗಳೂ ಇದ್ದವು. ರಕ್ತದ ಕಲೆ ಎಲ್ಲೂ ಇರಲಿಲ್ಲ. ಕೊನೆಗೆ ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ ಕೆಂಪಿ ಕಾಣಿಸಿದಳು. ಕುತ್ತಿಗೆ ಬೋಳು. ಬಾಲವೇ ಇಲ್ಲ. ಮೈಮೇಲೆ ಅಲ್ಲೊಂದು ಇಲ್ಲೊಂದು ಪುಕ್ಕ, ನಡುವೆ ತೊಗಲು. ಸಾರಿಗೆಂದು ಪುಕ್ಕ ಕೀಳಲು ಕೂತವರು ಅರ್ಧಕ್ಕೇ ಬಿಟ್ಟು ಎದ್ದು ಹೋದ ಹಾಗಿತ್ತು.

ಪಕ್ಕದ ಮನೆಯ ಚಿಗವ್ವ ಕಾಂಪೌಂಡಿನ ಮೇಲಿಂದ ಇಣುಕಿದಳು. "ಏನಾತವ್ವಾ ನಿನ್ನ ಕೋಳಿಗೆ? ಜಡ್ಡು ಬಂದಂಗ ಐತಿ ನೋಡು. ಉಳಿದವಕ್ಕ ಹತ್ತೂದ್ರೊಳಗ ಸಂತಿಗೆ ಹಾಕಿಬಿಡು."

ಅವಳ ಮಾತಿನಲ್ಲಿ ತಪ್ಪೇನಿಲ್ಲ. ಕೊಪ್ಪಳಕ್ಕೆ ಬಂದು ಕೋಳಿ ಸಾಕಲು ಶುರು ಮಾಡಿದ ಹೊಸದರಲ್ಲಿ ನಾನೂ ಹಾಗೇ ಮಾಡಿದ್ದೆ. ಚುಕ್ಕಿ ಅಂತ ಒಂದಿತ್ತು. ದಸರೆಯವರೆಗೂ ತಪ್ಪದೆ ಮೊಟ್ಟೆ ಇಟ್ಟಿತ್ತು. ದೀಪಾವಳಿ ಹೊತ್ತಿಗೆ ಒಮ್ಮೆಲೇ ಪುಕ್ಕ ಉದುರಿಸಿ ಮೊಟ್ಟೆ ನಿಲ್ಲಿಸಿತು. ರೋಗ ಅಂದುಕೊಂಡು ಅರ್ಧ ಬೆಲೆಗೆ ಮಾರಿದೆ. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಕೋಳಿಯನ್ನೇ ಮಾರಿದ್ದೆ ಅಂತ ಗೊತ್ತಾಗಿದ್ದು ಎರಡು ವರ್ಷದ ಮೇಲೆ. ಅದು ಯಾಕೆ ಒಳ್ಳೆಯ ಕೋಳಿ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಈ ಪುಕ್ಕ ಉದುರುವುದು ಏನು ಅಂತ ನೋಡೋಣ.

ನಮ್ಮ ಕಡೆ ಪುಕ್ಕಕ್ಕೆ ಪುಚ್ಚ ಅಂತಾರೆ. ಅದು ನಮ್ಮ ಉಗುರು, ಕೂದಲಿನ ಹಾಗೆ. ಪೂರ್ತಿ ಬೆಳೆದ ಮೇಲೆ ಅದರಲ್ಲಿ ಜೀವ ಇರುವುದಿಲ್ಲ. ಹರಿದರೆ ಹರಿದೇ ಹೋಯಿತು, ತಾನಾಗಿ ಕೂಡಿಕೊಳ್ಳುವುದಿಲ್ಲ. ವರ್ಷಪೂರ್ತಿ ಮಣ್ಣಿನಲ್ಲಿ ಹೊರಳಾಡಿ, ಮುಳ್ಳುಬೇಲಿಯಲ್ಲಿ ನುಸುಳಿ, ಬಿಸಿಲಿಗೆ ಒಣಗಿ, ಹುಂಜ ಮೇಲೆ ಹತ್ತಿ ತುಳಿದು ಪುಕ್ಕ ಸವೆಯುತ್ತದೆ. ಸವೆದ ಪುಕ್ಕ ಚಳಿ ತಡೆಯುವುದಿಲ್ಲ, ಮಳೆ ನೀರನ್ನೂ ತಡೆಯುವುದಿಲ್ಲ. ಅದಕ್ಕೇ ಕೋಳಿ ಸುಮಾರು ವರ್ಷಕ್ಕೊಮ್ಮೆ ಹಳೆಯದನ್ನು ಕಳಚಿ ಹೊಸದು ಹುಟ್ಟಿಸಿಕೊಳ್ಳುತ್ತದೆ. ಹಾವು ಪೊರೆ ಬಿಡುವುದನ್ನು ನಾವು ರೋಗ ಅನ್ನುವುದಿಲ್ಲ. ನಮ್ಮ ಹೊಲಗಳಲ್ಲಿ ನವಿಲಿಗೆ ಬರವಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲು ಆ ಉದ್ದನೆಯ ಗರಿಗಳನ್ನೆಲ್ಲ ಉದುರಿಸಿ ಮೋಟಾಗಿ ತಿರುಗುತ್ತದೆ. ಹುಡುಗರು ಬದುವಿನ ಮೇಲೆ ಗರಿ ಆಯಲು ಹೋಗುವುದು ಆಗಲೇ. ನವಿಲಿಗೆ ಜಡ್ಡು ಬಂತು ಅಂತ ಯಾರೂ ಗಾಬರಿಯಾಗುವುದಿಲ್ಲ. ಕೋಳಿ ಮಾಡುವುದೂ ಅದನ್ನೇ. ಆದರೆ ಅದು ನಮ್ಮ ಕಣ್ಣೆದುರೇ ಮಾಡುತ್ತದೆ, ಜೊತೆಗೆ ಮೊಟ್ಟೆಯನ್ನೂ ನಿಲ್ಲಿಸುತ್ತದೆ. ನಮಗೆ ಚಿಂತೆ ಹತ್ತುವುದು ಅದಕ್ಕೇ.

ಮೊಟ್ಟೆ ಯಾಕೆ ನಿಲ್ಲುತ್ತದೆ? ಇದಕ್ಕೊಂದು ಸಣ್ಣ ಲೆಕ್ಕ ಇದೆ. ಪುಕ್ಕದಲ್ಲಿ ನೂರಕ್ಕೆ 85ರಿಂದ 90 ಭಾಗ ಪ್ರೋಟೀನ್. ಒಂದೂವರೆ ಕಿಲೋ ತೂಗುವ ಕೋಳಿಯ ಮೈಮೇಲೆ ಸುಮಾರು 75ರಿಂದ 100 ಗ್ರಾಂ ಪುಕ್ಕ ಇರುತ್ತದೆ. ಕಡಿಮೆಯೇ ಹಿಡಿಯೋಣ, 75 ಗ್ರಾಂ. ಅದರಲ್ಲಿ 65 ಗ್ರಾಂ ಪ್ರೋಟೀನ್ ಆಯಿತು. ನಮ್ಮ ಜವಾರಿ, ಅಂದರೆ ನಾಟಿ ಕೋಳಿಯ ಸಣ್ಣ ಮೊಟ್ಟೆಯಲ್ಲಿ ಇರುವುದು ಐದು ಗ್ರಾಂ ಚಿಲ್ಲರೆ. ಅಂದರೆ ಒಂದು ಹೊಸ ಅಂಗಿ ಹೊಲಿಸಿಕೊಳ್ಳಲು ಕೋಳಿಗೆ ಒಂದು ಡಜನ್ ಮೊಟ್ಟೆಯ ಸಾಮಾನು ಬೇಕು. ಅದೂ ಕೆಲವೇ ವಾರಗಳಲ್ಲಿ. ಎರಡೂ ಕೆಲಸ ಒಟ್ಟಿಗೆ ಮಾಡಲು ಮೈಗೆ ಆಗುವುದಿಲ್ಲ. ಮೊಟ್ಟೆಯ ಅಂಗಡಿ ಮುಚ್ಚಿ ಪುಕ್ಕದ ಕೆಲಸಕ್ಕೆ ಕೂರುತ್ತದೆ. ಒಳಗೆ ಮೊಟ್ಟೆ ಬೆಳೆಯುವ ಭಾಗವೇ ಆಗ ಕುಗ್ಗಿ ಸಣ್ಣದಾಗುತ್ತದೆ. ವರ್ಷವಿಡೀ ದುಡಿದ ಜಾಗಕ್ಕೆ ಅದೇ ರಜೆ.

ಹುಂಜಕ್ಕೂ ಇದು ತಪ್ಪಿದ್ದಲ್ಲ. ಬಾಲದ ಕಮಾನು ಹೋದ ಹುಂಜ ಓಣಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡುತ್ತದೆ, ಕೂಗುವುದೂ ಕಡಿಮೆ. ಆ ದಿನಗಳಲ್ಲಿ ಕಾವಿಗೆ ಇಟ್ಟ ಮೊಟ್ಟೆಗಳಲ್ಲಿ ಗೊಡ್ಡು ಜಾಸ್ತಿ ಬಂದರೆ ಹೇಂಟೆಯನ್ನು ಬೈಯಬೇಡಿ.

ಯಾವಾಗ ಉದುರುತ್ತದೆ?

ಮರಿಗಳ ಲೆಕ್ಕ ಬೇರೆ. ಹುಟ್ಟಿದಾಗಿನ ನೂಲಿನಂಥ ತುಪ್ಪಳ ಹೋಗಿ ಪುಕ್ಕ ಬರುತ್ತದೆ. ಆಮೇಲೂ ಐದಾರು ತಿಂಗಳ ತನಕ ಕಂತು ಕಂತಾಗಿ ಬದಲಾಗುತ್ತಲೇ ಇರುತ್ತದೆ. ಅದು ಕಣ್ಣಿಗೂ ಬೀಳುವುದಿಲ್ಲ. ನಾವು ಗಾಬರಿಯಾಗುವ ದೊಡ್ಡ ಉದುರು ಮೊದಲ ಸಲ ಬರುವುದು ಕೋಳಿಗೆ ಹೆಚ್ಚುಕಡಿಮೆ ಒಂದೂವರೆ ವರ್ಷ ಆದಾಗ. ಆಮೇಲೆ ವರ್ಷಕ್ಕೊಮ್ಮೆ.

ಯಾವ ಪುಸ್ತಕ ತೆಗೆದರೂ ಹಗಲು ಕಡಿಮೆಯಾಗುವ ಕಾಲದಲ್ಲಿ ಕೋಳಿ ಪುಕ್ಕ ಉದುರಿಸುತ್ತದೆ ಅಂತ ಬರೆದಿರುತ್ತದೆ. ಅದು ನಿಜ. ಕೋಳಿ ಬೆಳಕನ್ನು ಕಣ್ಣಿನಿಂದ ಮಾತ್ರ ಅಳೆಯುವುದಿಲ್ಲ. ತಲೆಬುರುಡೆಯ ಮೂಲಕ ಒಳಗೆ ಇಳಿಯುವ ಬೆಳಕನ್ನು ಅದರ ಮಿದುಳೇ ನೇರವಾಗಿ ಗುರುತಿಸುತ್ತದೆ. ಹಗಲು ಉದ್ದ ಇದ್ದಾಗ ಮೊಟ್ಟೆಯ ಹಾರ್ಮೋನುಗಳು ಏರುತ್ತವೆ, ಗಿಡ್ಡ ಆದಾಗ ಇಳಿಯುತ್ತವೆ. ಮೊಟ್ಟೆ ಚೆನ್ನಾಗಿ ಬರಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು ಅನ್ನುವುದು ಫಾರಂನವರ ಲೆಕ್ಕ.

ಆದರೆ ಆ ಪುಸ್ತಕಗಳಲ್ಲಿ ಹೆಚ್ಚಿನವು ಚಳಿ ದೇಶದವು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ, ಡಿಸೆಂಬರಿನದು ಎಂಟು ಗಂಟೆಯೂ ಇಲ್ಲ. ಅಲ್ಲಿಯ ಕೋಳಿಗೆ ಕಾಲ ಬದಲಾದದ್ದು ಎದೆಗೆ ಗುದ್ದಿದ ಹಾಗೆ ಗೊತ್ತಾಗುತ್ತದೆ. ಕೊಪ್ಪಳದಲ್ಲಿ ಜೂನ್ ತಿಂಗಳ ದೊಡ್ಡ ಹಗಲು 13 ಗಂಟೆ. ಡಿಸೆಂಬರಿನ ಸಣ್ಣ ಹಗಲು ಹನ್ನೊಂದೂಕಾಲು. ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಅದಕ್ಕೇ ನಮ್ಮ ಕೋಳಿಗಳು ಕ್ಯಾಲೆಂಡರ್ ನೋಡಿ ಒಟ್ಟಿಗೆ ಬೋಳಾಗುವುದಿಲ್ಲ. ದಸರೆಯಿಂದ ಎಳ್ಳ ಅಮಾವಾಸ್ಯೆಯ ನಡುವೆ ಜಾಸ್ತಿ, ಅಷ್ಟೇ. ಉಳಿದಂತೆ ಒಂದೊಂದರದು ಒಂದೊಂದು ದಾರಿ.

ಜವಾರಿ ಕೋಳಿಯನ್ನೇ ನೋಡಿ. ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಸರಿಯಾಗಿ ಮೇಯುವುದಿಲ್ಲ. ಆಮೇಲೆ ಎರಡು ಮೂರು ತಿಂಗಳು ಮರಿ ಕಟ್ಟಿಕೊಂಡು ತಿರುಗುತ್ತದೆ. ಮರಿ ಬೇರೆ ಮಾಡಿದ ಮೇಲೆ ಪುಕ್ಕ ಉದುರಿಸಿಕೊಂಡು ಕೂರುವುದು ನಮ್ಮ ಮನೆಯ ಜವಾರಿಗಳ ರೂಢಿ. ಇದು ಶ್ರಾವಣದಲ್ಲೂ ಆಗಬಹುದು, ಯುಗಾದಿ ಆದ ಮೇಲೂ ಆಗಬಹುದು.

ಇನ್ನೊಂದು ಕಾರಣ ಬಿಸಿಲು, ನೀರು. ಇದು ನನ್ನದೇ ತಪ್ಪಿನಿಂದ ಕಲಿತದ್ದು. ಒಂದು ಏಪ್ರಿಲ್‌ನಲ್ಲಿ ಸಿಂಧನೂರಿನ ಕಡೆ ಮದುವೆಗೆ ಹೋಗಿದ್ದೆವು. ಎರಡು ದಿನ. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಹೋಗಿದ್ದೆ. ಯಾವುದೋ ಕೋಳಿ ಅಂಚಿನ ಮೇಲೆ ಹತ್ತಿ ಪಾತ್ರೆ ಉರುಳಿಸಿದೆ. ಬಂದು ನೋಡಿದರೆ ಎಲ್ಲವೂ ಬಾಯಿ ಕಳೆದು, ರೆಕ್ಕೆ ಅಗಲಿಸಿ ನಿಂತಿದ್ದವು. ಸಾಯಲಿಲ್ಲ, ಪುಣ್ಯ. ಆದರೆ ಮರುದಿನದಿಂದ ಮೊಟ್ಟೆ ಬಂದ್. ಹದಿನೈದು ದಿನ ಕಳೆಯುವುದರೊಳಗೆ ನಾಲ್ಕು ಕೋಳಿಗಳ ಕುತ್ತಿಗೆ ಪುಕ್ಕ ಹೋಯಿತು. ನೀರು ತಪ್ಪಿದರೆ, ಮೇವು ತಪ್ಪಿದರೆ, ಮನೆ ಬದಲಾದರೆ, ನಾಯಿ ಅಟ್ಟಿಸಿಕೊಂಡು ಹೋಗಿ ಹೆದರಿಸಿದರೆ ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಉದುರುತ್ತದೆ. ಇಂಥ ಉದುರು ಸಾಮಾನ್ಯವಾಗಿ ಕುತ್ತಿಗೆ, ತಲೆಗೆ ನಿಲ್ಲುತ್ತದೆ. ಪೂರ್ತಿ ಮೈಗೆ ಇಳಿಯುವುದು ಕಡಿಮೆ. ದೊಡ್ಡ ಫಾರಂಗಳ ವ್ಯವಹಾರದಲ್ಲಿ ಇದನ್ನೇ ಬೇಕೆಂದು ಮಾಡುವ ಪದ್ಧತಿಯೂ ಬೆಳೆದಿದೆ. ಕೆಲವು ದಿನ ಮೇವು ನಿಲ್ಲಿಸಿ ಎಲ್ಲ ಕೋಳಿಗಳಿಗೂ ಒಟ್ಟಿಗೆ ಪುಕ್ಕ ಉದುರಿಸಿ, ಮತ್ತೆ ಒಟ್ಟಿಗೆ ಮೊಟ್ಟೆಗೆ ತರುವುದು. ಹಸಿವಿಗೆ ಹಾಕಿ ಮೊಟ್ಟೆ ತೆಗೆಯುವ ಆ ಲೆಕ್ಕ ಹಿತ್ತಲಿಗಂತೂ ಬೇಡ.

ಹತ್ತಿರದಿಂದ ನೋಡಿದರೆ

ಉದುರುವುದಕ್ಕೆ ಒಂದು ಸಾಲು ಇದೆ. ಮೊದಲು ತಲೆ, ಆಮೇಲೆ ಕುತ್ತಿಗೆ, ಎದೆ, ಬೆನ್ನು, ಕೊನೆಗೆ ರೆಕ್ಕೆ, ಬಾಲ. ಎಲ್ಲ ಕೋಳಿಯೂ ಈ ಸಾಲನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಕೆಂಪಿ ಬಾಲವನ್ನು ಮೊದಲ ವಾರವೇ ಬಿಟ್ಟಿದ್ದಳು.

ಬಿದ್ದ ಪುಕ್ಕ ಒಂದನ್ನು ಕೈಗೆ ತಗೊಳ್ಳಿ. ಬುಡ ನೋಡಿ. ತಾನಾಗಿ ಉದುರಿದ್ದಾದರೆ ಕಡ್ಡಿಯ ತುದಿ ಪೂರ್ತಿ ಇರುತ್ತದೆ. ಒಣಗಿ, ಬಿಳುಪಾಗಿ, ನುಣ್ಣಗೆ, ಸವೆದ ಬಾಲ್‌ಪೆನ್ ರೀಫಿಲ್ಲಿನ ಹಾಗೆ ಟೊಳ್ಳು. ಬುಡದಲ್ಲಿ ರಕ್ತ ಇದ್ದರೆ ಬೇರೆ ಕೋಳಿ ಕುಕ್ಕಿ ಕಿತ್ತಿದೆ. ನಡುವೆ ಮುರಿದು ಮೈಮೇಲೆ ಮೋಟು ಉಳಿದಿದ್ದರೆ ಕುಕ್ಕಿದ್ದೋ ಹುಳದ ಕೆಲಸವೋ ಇರಬೇಕು. ಈ ಒಂದು ಪರೀಕ್ಷೆಯಿಂದಲೇ ಅರ್ಧ ಗೊಂದಲ ಕಳೆಯುತ್ತದೆ.

ಹಳೆಯದು ಬಿದ್ದ ತೂತಿನಿಂದಲೇ ಹೊಸದು ಏಳುತ್ತದೆ. ನಿಜ ಹೇಳಬೇಕೆಂದರೆ ಒಳಗಿನಿಂದ ಹೊಸದು ತಳ್ಳುವುದಕ್ಕೇ ಹಳೆಯದು ಬೀಳುವುದು, ಹಾಲುಹಲ್ಲಿನ ಹಾಗೆ. ಒಂದೆರಡು ವಾರದಲ್ಲಿ ಬೋಳು ಚರ್ಮದ ತುಂಬಾ ನೀಲಿಗಪ್ಪು ಮೊಳಕೆ ಕಾಣುತ್ತದೆ. ಆಮೇಲೆ ಅದು ಸೂಜಿಯಷ್ಟು ಉದ್ದವಾಗಿ ಕೋಳಿ ಮುಳ್ಳುಹಂದಿಯಂತಾಗುತ್ತದೆ. ಪ್ರತಿ ಸೂಜಿಯ ಸುತ್ತ ಮೇಣದಂಥ ಒಂದು ಒರೆ. ಒಳಗೆ ಸುರುಳಿ ಸುತ್ತಿದ ಹೊಸ ಪುಕ್ಕ. ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಈಗ ಮುಟ್ಟಿದರೆ ಕೋಳಿಗೆ ನೋವು. ಎತ್ತಿಕೊಂಡರೆ ಕಿರುಚುತ್ತದೆ. ದಿನಾ ಕಾಲಿಗೆ ಅಡರುತ್ತಿದ್ದ ಕೆಂಪಿ ನನ್ನ ಕಂಡರೆ ಓಡತೊಡಗಿದಳು. ಸಿಟ್ಟೇನಲ್ಲ, ಮೈನೋವು. ಮಕ್ಕಳಿದ್ದ ಮನೆಯಲ್ಲಿ ಇದನ್ನು ಹೇಳಿಡಿ, ಸುಮ್ನೆ ಹಿಡಿಯಲು ಹೋಗುತ್ತಾರೆ.

ಪುಕ್ಕ ಬೆಳೆದಂತೆ ಒರೆ ಒಣಗಿ ತುದಿಯಿಂದ ಪುಡಿಯಾಗುತ್ತದೆ. ಕೋಳಿ ಕೊಕ್ಕಿನಿಂದ ಅದನ್ನು ಉಜ್ಜಿ ತೆಗೆಯುತ್ತದೆ. ಗೂಡಿನ ನೆಲದಲ್ಲಿ ತಲೆಹೊಟ್ಟಿನಂಥ ಬಿಳಿ ಪುಡಿ ಬಿದ್ದಿದ್ದರೆ ಹೇನು ಅಂತ ಹೆದರಬೇಡಿ, ಅದು ಈ ಒರೆಯ ಪುಡಿ. ಸೂಜಿ ಹೂವಿನಂತೆ ಅರಳಿ ಪುಕ್ಕ ಬಿಚ್ಚಿಕೊಂಡಾಗ ಬಣ್ಣ ನೋಡಬೇಕು. ಬಿಸಿಲಿಗೆ ಮಾಸಿದ ಕೆಂಪು ಹೋಗಿ ಬೆಲ್ಲದ ಪಾಕದ ಬಣ್ಣ ಬರುತ್ತದೆ.

ಈ ಸೂಜಿ ಮುರಿದರೆ ರಕ್ತ ಜಾಸ್ತಿ ಸುರಿಯುತ್ತದೆ. ಸ್ವಚ್ಛ ಬಟ್ಟೆಯಿಂದ ನಾಲ್ಕೈದು ನಿಮಿಷ ಒತ್ತಿ ಹಿಡಿಯಿರಿ. ರಕ್ತ ನಿಲ್ಲುವ ತನಕ ಆ ಕೋಳಿಯನ್ನು ಬುಟ್ಟಿಯಡಿ ಬೇರೆ ಇಡಿ. ಕೋಳಿಗಳಿಗೆ ಕೆಂಪು ಕಂಡರೆ ಕುಕ್ಕುವ ಚಟ, ಒಂದು ಕುಕ್ಕಿದರೆ ಎಲ್ಲವೂ ಮುತ್ತುತ್ತವೆ. ಹಾರಬಾರದೆಂದು ರೆಕ್ಕೆ ಕತ್ತರಿಸುವವರಿಗೂ ಇಲ್ಲೊಂದು ಮಾತು. ಹಳೆಯ ಕತ್ತರಿಸಿದ ಗರಿಗಳು ಈಗ ಬಿದ್ದು ಹೊಸವು ಬರುತ್ತವೆ, ಕೋಳಿ ಮತ್ತೆ ಗೋಡೆ ಹಾರುತ್ತದೆ. ಆದರೆ ಹೊಸ ಗರಿ ಪೂರ್ತಿ ಬಲಿತು ಬುಡ ಬಿಳುಪಾಗುವ ತನಕ ಕತ್ತರಿ ಹಾಕಬಾರದು.

ಒಳ್ಳೆಯ ಕೋಳಿ ಯಾಕೆ ಕೆಟ್ಟದಾಗಿ ಕಾಣುತ್ತದೆ?

ಚುಕ್ಕಿಯ ವಿಷಯಕ್ಕೆ ಬರೋಣ. ಕೋಳಿಯ ರೆಕ್ಕೆ ಬಿಡಿಸಿ ಹಿಡಿದರೆ ತುದಿಯ ಕಡೆ ಹತ್ತು ದೊಡ್ಡ ಗರಿಗಳು ಕಾಣುತ್ತವೆ. ನಡುವೆ ಒಂದು ಗಿಡ್ಡ ಗರಿ. ಅದರಾಚೆ ಮೈಯ ಕಡೆಗೆ ಇನ್ನೊಂದು ಗುಂಪು. ಆ ಹತ್ತು ದೊಡ್ಡ ಗರಿಗಳು ಗಿಡ್ಡ ಗರಿಯ ಪಕ್ಕದಿಂದ ಶುರುವಾಗಿ ತುದಿಯ ಕಡೆಗೆ ಸಾಲಾಗಿ ಬೀಳುತ್ತವೆ. ಬಿದ್ದ ಒಂದೊಂದು ಗರಿ ಪೂರ್ತಿ ಬೆಳೆಯಲು ಸುಮಾರು ಆರು ವಾರ ಬೇಕು. ಇದು ಎಲ್ಲ ಕೋಳಿಗೂ ಹೆಚ್ಚುಕಡಿಮೆ ಒಂದೇ.

ಈಗ ಲೆಕ್ಕ ಹಾಕಿ. ಒಂದು ಸೋಮಾರಿ ಕೋಳಿ ಎರಡು ವಾರಕ್ಕೊಂದರಂತೆ ಗರಿ ಬಿಡುತ್ತದೆ ಅನ್ನೋಣ. ಮೊದಲನೆಯದು ಬಿದ್ದ ದಿನದಿಂದ ಹತ್ತನೆಯದು ಬೀಳುವುದಕ್ಕೆ 18 ವಾರ. ಅದು ಬೆಳೆಯಲು ಇನ್ನು ಆರು. ಒಟ್ಟು 24 ವಾರ, ಅಂದರೆ ಐದೂವರೆ ತಿಂಗಳು. ಆದರೆ ನೋಡಲು ಈ ಕೋಳಿ ಚೆನ್ನಾಗೇ ಇರುತ್ತದೆ. ಒಂದು ಬಿದ್ದಿದೆ, ಒಂದು ಬಂದಿದೆ, ಬೋಳು ಎಲ್ಲೂ ಕಾಣುವುದಿಲ್ಲ. ಶ್ರಾವಣದಲ್ಲೇ ಶುರು ಮಾಡಿ ಸಂಕ್ರಾಂತಿ ದಾಟಿದರೂ ಮುಗಿಸಿರುವುದಿಲ್ಲ. ಅಷ್ಟು ದಿನವೂ ಮೊಟ್ಟೆ ಇಲ್ಲ.

ಚುಕ್ಕಿಯಂಥದ್ದು ಕೊನೆಯ ತನಕ ಮೊಟ್ಟೆ ಇಡುತ್ತಾ ಹೋಗುತ್ತದೆ. ಪುಕ್ಕ ಹರಿದು ಚಿಂದಿಯಾಗಿದ್ದರೂ ನಿಲ್ಲಿಸುವುದಿಲ್ಲ. ನಿಲ್ಲಿಸಿದಾಗ ಒಮ್ಮೆಲೇ ಮೂರು ನಾಲ್ಕು ಗರಿ ಬಿಡುತ್ತದೆ. ಮೈಯದ್ದೂ ಹಾಗೇ, ಮುಷ್ಟಿ ಮುಷ್ಟಿ. ಆ ಗರಿಗಳೆಲ್ಲ ಒಟ್ಟಿಗೇ ಬೆಳೆಯುವುದರಿಂದ ಎರಡೂವರೆ ಮೂರು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಮತ್ತೆ ಮೊಟ್ಟೆ. ಹಾಗಾಗಿ ಓಣಿಯಲ್ಲೇ ಅತಿ ಕೆಟ್ಟದಾಗಿ ಕಾಣುವ ಕೋಳಿ ಬಹಳ ಸಲ ಓಣಿಯಲ್ಲೇ ಅತಿ ಒಳ್ಳೆಯದು. ಸಂತೆಯಲ್ಲಿ ಕೊಂಡವನಿಗೆ ಇದು ಗೊತ್ತಿತ್ತೋ ಇಲ್ಲವೋ, ಅವನಂತೂ ಚೌಕಾಸಿ ಮಾಡಲಿಲ್ಲ.

ಈ ಪರೀಕ್ಷೆಯನ್ನು ಎಲ್ಲಕ್ಕೂ ಹಚ್ಚಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳಿಗೆ, ಅಥವಾ ಫಾರಂನಿಂದ ತಂದ ಕಂದು ಮೊಟ್ಟೆಯ ಕೋಳಿಗೆ ಇದು ಚೆನ್ನಾಗಿ ಹೊಂದುತ್ತದೆ. ನಮ್ಮ ಕೆಂಪಿ ಸ್ವರ್ಣಧಾರ. ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಕೊಡುವ ತಳಿ ಅದು. ಜವಾರಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಇಟ್ಟು, ನಡುವೆ ಎರಡು ಮೂರು ಸಲ ಕಾವಿಗೆ ಕೂರುತ್ತದೆ. ಅದರ ಉದುರಿಗೆ ಕಾವಿನ ಲೆಕ್ಕವೂ ಸೇರಿರುತ್ತದೆ. ಜವಾರಿಯನ್ನು ರೆಕ್ಕೆ ನೋಡಿ ಅಳೆಯುವುದಕ್ಕಿಂತ ಎಷ್ಟು ಮರಿ ಸಾಕಿ ಬೆಳೆಸಿತು ಅಂತ ನೋಡುವುದು ಸರಿ.

ಹಾಗಾದರೆ ರೋಗ ಯಾವುದು?

ಪುಕ್ಕ ಹೋಗುವುದೆಲ್ಲ ಈ ವಾರ್ಷಿಕ ಉದುರಲ್ಲ. ಬೆನ್ನಿನ ನಡುಭಾಗ ಮಾತ್ರ ಬೋಳಾಗಿ ಉಳಿದೆಡೆ ಚೆನ್ನಾಗಿದ್ದರೆ ಅದು ಹುಂಜದ ಕೆಲಸ. ಹೇಂಟೆ ಕಡಿಮೆ, ಹುಂಜ ಜಾಸ್ತಿ ಆದಾಗ ಹೀಗಾಗುತ್ತದೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಎದೆಯ ಕೆಳಗೆ ಮಾತ್ರ ಬೋಳಾಗಿದ್ದರೆ ಕಾವಿಗೆ ಕೂತಿರುವ ಕೋಳಿ, ಮೊಟ್ಟೆಗೆ ಮೈಬಿಸಿ ನೇರ ತಾಗಲಿ ಅಂತ ಅಲ್ಲಿಯ ಪುಕ್ಕ ಕಳೆದುಕೊಂಡಿರುತ್ತದೆ. ಇನ್ನು ಹುಟ್ಟಿನಿಂದಲೇ ಕುತ್ತಿಗೆ ಬೋಳಾದ ಒಂದು ಜಾತಿ ಇದೆ. ಅದರ ಮುಂದೆ ಕೂತು ಪುಕ್ಕ ಬರಲಿ ಅಂತ ಕಾದರೆ ನಿಮ್ಮ ಕೂದಲು ಉದುರೀತು.

ಹೇನು, ನುಸಿಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಬೇಕು. ಕೋಳಿಯನ್ನು ಹಗಲು ಹಿಡಿದು ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ. ಹೇನಿದ್ದರೆ ಚರ್ಮದ ಮೇಲೆ ಹಳದಿ ಹುಳ ಓಡುತ್ತವೆ. ಪುಕ್ಕದ ಬುಡಕ್ಕೆ ಸೀರು ಗಂಟುಗಂಟಾಗಿ ಅಂಟಿರುತ್ತದೆ. ಕೆಂಪು ನುಸಿ ಹಾಗಲ್ಲ, ಹಗಲು ಕೋಳಿಯ ಮೈಮೇಲೆ ಇರುವುದೇ ಇಲ್ಲ. ಗೂಡಿನ ಸಂದಿಯಲ್ಲಿ, ಕೂರುವ ಕೋಲಿನ ಅಡಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ರಾತ್ರಿ ಟಾರ್ಚ್ ಹಿಡಿದು ಕೋಲಿನ ಅಡಿ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಗೀಟು ಬಿದ್ದರೆ ನುಸಿ ಇದೆ ಅಂತ ಅರ್ಥ. ಗೂಡು ಖಾಲಿ ಮಾಡಿ, ಸಂದಿಗಳಿಗೆ ಕುದಿನೀರು ಸುರಿದು, ಒಣಗಿಸಿ, ಸುಣ್ಣ ಬಳಿಯಿರಿ. ಕೋಳಿ ಹೊರಳಲು ಒಲೆಯ ಬೂದಿ, ಒಣಮಣ್ಣು ಬೆರೆಸಿದ ಒಂದು ಗುಂಡಿ ಮಾಡಿಕೊಡಿ. ಔಷಧಿ ಬೇಕಾದರೆ ಪಶು ಆಸ್ಪತ್ರೆಯಲ್ಲಿ ಕೇಳಿ ತನ್ನಿ. ಹತ್ತಿಗೆ, ಮೆಣಸಿನಕಾಯಿಗೆ, ಭತ್ತಕ್ಕೆ ತಂದು ಉಳಿದ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು, ನೀರಲ್ಲಿ ಕಲಸಿ ಕೋಳಿಗೆ ಹೊಡೆಯುವ ರೂಢಿ ನಮ್ಮ ಕಡೆ ಇದೆ. ಅದು ಬೇಡವೇ ಬೇಡ. ಬೋಳು ಚರ್ಮದಿಂದ ವಿಷ ಸೀದಾ ಒಳಗಿಳಿಯುತ್ತದೆ, ಮೊಟ್ಟೆಗೂ ಬರುತ್ತದೆ, ಅದನ್ನು ತಿನ್ನುವವರು ನಾವೇ.

ಪುಕ್ಕ ಉದುರಿಸುವ ಕೋಳಿ ಸಪ್ಪೆಯಾಗಿರುತ್ತದೆ ನಿಜ. ಜುಟ್ಟು ಬಿಳುಚಿ ಕುಗ್ಗುತ್ತದೆ. ಮೂಲೆ ಹಿಡಿದು ಕೂರುತ್ತದೆ. ಆದರೆ ಮೇವು ಹಾಕಿದರೆ ಎದ್ದು ಬರುತ್ತದೆ. ಕಣ್ಣು ಚುರುಕಾಗಿರುತ್ತದೆ. ಹಿಕ್ಕೆ ಗಟ್ಟಿಯಾಗಿರುತ್ತದೆ. ಮೇವು ಮುಟ್ಟದಿದ್ದರೆ, ಹಸಿರು ಬಿಳಿ ನೀರು ಭೇದಿಯಾದರೆ, ಉಸಿರಿಗೆ ಗೊರಗೊರ ಸದ್ದಿದ್ದರೆ, ಕುತ್ತಿಗೆ ತಿರುಚಿದರೆ ಅದು ಉದುರಲ್ಲ. ಕೊಕ್ಕರೆ ರೋಗ ಇರಬಹುದು. ಅವತ್ತೇ ಬೇರೆ ಮಾಡಿ ಪಶುವೈದ್ಯರಿಗೆ ತಿಳಿಸಬೇಕು. ಎದೆಮೂಳೆ ಮುಟ್ಟಿ ನೋಡುವುದೂ ಒಳ್ಳೆಯದು. ಕುಡುಗೋಲಿನ ಅಂಚಿನಂತೆ ಹರಿತವಾಗಿ ಸಿಕ್ಕರೆ ಕೋಳಿ ಬಡವಾಗಿದೆ. ಬರಿ ಉದುರಿನಿಂದ ಅಷ್ಟು ಬಡವಾಗಬಾರದು.

ಮೇವು

ನಮ್ಮ ಮನೆಗಳಲ್ಲಿ ಮೊಟ್ಟೆ ನಿಂತ ತಕ್ಷಣ ಮೇವನ್ನೂ ಕಡಿಮೆ ಮಾಡುತ್ತಾರೆ. ದುಡಿಯದವರಿಗೆ ಯಾಕೆ ಊಟ ಅನ್ನುವ ಲೆಕ್ಕ. ಇದು ಪೂರ್ತಿ ತಿರುಗು ಮುರುಗು. ಕೋಳಿಗೆ ವರ್ಷದಲ್ಲೇ ಒಳ್ಳೆಯ ಮೇವು ಬೇಕಾಗಿರುವುದು ಈಗ.

ಜೋಳ, ಮೆಕ್ಕೆಜೋಳದಲ್ಲಿ ಪ್ರೋಟೀನ್ ನೂರಕ್ಕೆ ಒಂಬತ್ತು ಹತ್ತು. ಗಂಗಾವತಿ, ಕಾರಟಗಿಯ ಮಿಲ್ಲುಗಳಿಂದ ಬರುವ ಅಕ್ಕಿ ನುಚ್ಚಿನಲ್ಲಿ ಇನ್ನೂ ಕಡಿಮೆ, ತೌಡಿನಲ್ಲಿ ಹನ್ನೆರಡರ ಆಸುಪಾಸು. ಇವುಗಳಿಂದ ಹೊಟ್ಟೆ ತುಂಬುತ್ತದೆ, ಪುಕ್ಕ ಆಗುವುದಿಲ್ಲ. ಈ ಕಾಲದಲ್ಲಿ ಮೇವಿನಲ್ಲಿ ಪ್ರೋಟೀನ್ 18ರಿಂದ 20 ಇರಬೇಕು. ನಾನು ಒಂಬತ್ತು ಕೋಳಿಗೆ ದಿನಕ್ಕೆ ಒಂದು ಕಿಲೋ ಕಲಸುತ್ತೇನೆ. ಅರ್ಧ ಕಿಲೋ ಜೋಳದ ನುಚ್ಚು, 200 ಗ್ರಾಂ ತೌಡು, 200 ಗ್ರಾಂ ಶೇಂಗಾ ಹಿಂಡಿ, 100 ಗ್ರಾಂ ಒಣಮೀನಿನ ಪುಡಿ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 20ಕ್ಕೆ ಬರುತ್ತದೆ. ಹಿಂಡಿಯೊಂದೇ ಹಾಕಿದರೆ ಸಾಲದು. ಕೋಳಿಯ ಪುಕ್ಕ ಸುಟ್ಟಾಗ ಬರುವ ಕಮಟು ವಾಸನೆ ನೆನಪಿದೆಯಲ್ವಾ? ಅದು ಗಂಧಕದ ವಾಸನೆ. ಪುಕ್ಕಕ್ಕೆ ಗಂಧಕ ಇರುವ ಪ್ರೋಟೀನ್ ಬೇಕು. ಶೇಂಗಾದಲ್ಲಿ ಅದು ಕಡಿಮೆ. ಮೀನು, ಎಳ್ಳು ಹಿಂಡಿ, ಸೂರ್ಯಕಾಂತಿ ಹಿಂಡಿಯಲ್ಲಿ ಜಾಸ್ತಿ. ಒಣಮೀನು ಉಪ್ಪು ಹಾಕದ್ದಾಗಿರಲಿ. ಉಪ್ಪು ಮೀನು ಕೋಳಿಗೆ ವಿಷವೇ ಆದೀತು.

ಶೇಂಗಾ ಹಿಂಡಿಯ ಬಗ್ಗೆ ಇನ್ನೊಂದು ಎಚ್ಚರ. ಮಳೆಗಾಲದಲ್ಲಿ ತೇವ ಕುಡಿದ ಹಿಂಡಿಗೆ ಹಸಿರು ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಿಷ ಕೋಳಿಯ ಪಿತ್ತಜನಕಾಂಗವನ್ನು ತಿನ್ನುತ್ತದೆ. ಬಿಸಿಲಿಗೆ ಒಣಗಿಸಿದರೂ, ಹುರಿದರೂ ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದರೆ ತಿಪ್ಪೆಗೆ ಹಾಕಿ.

ದುಡ್ಡಿಲ್ಲದ ದಾರಿಯೂ ಇದೆ. ನಮ್ಮ ಅವ್ವ ಹಳೇ ಗಡಿಗೆಯಲ್ಲಿ ಒಣಸಗಣಿ, ಹರಿದ ಗೋಣಿ ತುಂಡು, ಮೆಕ್ಕೆಜೋಳದ ದಂಟು ತುಂಬಿ ನೀರು ಚಿಮುಕಿಸಿ ಗೆದ್ದಲು ಓಡಾಡುವ ಜಾಗದಲ್ಲಿ ಬೋರಲು ಹಾಕುತ್ತಿದ್ದಳು. ಒಂದೆರಡು ದಿನ ಬಿಟ್ಟು ಎತ್ತಿದರೆ ಒಳಗೆಲ್ಲ ಗೆದ್ದಲು. ಅಂಗಳದಲ್ಲಿ ಕೊಡವಿದರೆ ಕೋಳಿಗಳು ಎರಡೇ ನಿಮಿಷದಲ್ಲಿ ನೆಲ ಸಾರಿಸಿದಂತೆ ಮಾಡುತ್ತಿದ್ದವು. ಮನೆಯ ಗೋಡೆ, ಬಾಗಿಲಿನಿಂದ ದೂರ ಇಡಿ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಸಿಗುವ ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ತುಂಬಾ ಇರುತ್ತದೆ, ಚಿಪ್ಪಿಗೆಂದು. ಮೊಟ್ಟೆ ಇಡದ ದಿನಗಳಲ್ಲಿ ಅಷ್ಟು ಬೇಡ. ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದದ್ದು ತಿನ್ನುತ್ತದೆ.

ಉಳಿದದ್ದು ಸಣ್ಣದು. ಈ ಹೊತ್ತಿನಲ್ಲಿ ಹೊಸ ಕೋಳಿ ತಂದು ಗುಂಪಿಗೆ ಸೇರಿಸಬೇಡಿ, ಜಗಳ ಬೀಳುತ್ತವೆ. ಡಿಸೆಂಬರ್, ಜನವರಿಯ ರಾತ್ರಿ ಬೋಳು ಕೋಳಿಗೆ ಚಳಿ. ಗೂಡಿನ ಗಾಳಿ ಬರುವ ಕಡೆ ಗೋಣಿ ಕಟ್ಟಿ, ಮೇಲುಗಡೆ ಸಂದಿ ಬಿಡಿ. ಬೇಸಿಗೆಯಲ್ಲಿ ಉದುರಿಸಿದರೆ ಉಲ್ಟಾ, ಬರಿ ಚರ್ಮ ಬಿಸಿಲಿಗೆ ಸುಡುತ್ತದೆ, ನೆರಳು ಬೇಕು. ಬಲ್ಬ್ ಹಾಕಿ ಹಗಲು ಉದ್ದ ಮಾಡಿದರೆ ಬೇಗ ಮೊಟ್ಟೆಗೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಬರುತ್ತದೆ. ಆದರೆ ಮನೆ ಖರ್ಚಿಗೆ ಎಂಟು ಹತ್ತು ಕೋಳಿ ಸಾಕುವವರಿಗೆ ಅಷ್ಟು ಅವಸರ ಯಾಕೆ ಅಂತ ನನಗನ್ನಿಸುತ್ತದೆ.

ಮೊಟ್ಟೆಗೆ ಬರುವುದು ಮುಂಚೆಯೇ ಗೊತ್ತಾಗುತ್ತದೆ. ಜುಟ್ಟು ಮತ್ತೆ ಕೆಂಪಾಗಿ ತುಂಬಿಕೊಳ್ಳುತ್ತದೆ. ಮೊಟ್ಟೆ ಬರುವ ಜಾಗದ ಎರಡು ಪಕ್ಕ ಎರಡು ತೆಳು ಮೂಳೆಯ ತುದಿ ಕೈಗೆ ಸಿಗುತ್ತವೆ. ಮೊಟ್ಟೆ ನಿಂತಾಗ ಅವುಗಳ ನಡುವೆ ಒಂದು ಬೆರಳು ಹಿಡಿಸುವುದೂ ಕಷ್ಟ. ಇಡುವಾಗ ಎರಡು ಮೂರು ಬೆರಳು ಹಿಡಿಸುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಾನು ದಿನ ಬಿಟ್ಟು ದಿನ ಕೆಂಪಿಯನ್ನು ಹಿಡಿದು ನೋಡುತ್ತಿದ್ದೆ. ಒಂದೂವರೆ ಬೆರಳು, ಎರಡು ಬೆರಳು.

ಗವಿಮಠದ ಜಾತ್ರೆಯ ವಾರ ಮನೆ ತುಂಬಾ ನೆಂಟರು. ಚಿಗವ್ವನೇ ಹಿತ್ತಲಿನಿಂದ ಕೂಗಿದಳು. "ಏ ತಂಗಿ, ಬಾ ಇಲ್ಲಿ. ಇದು ಯಾವ ಕೋಳೀದು?" ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ ಕಂದು ಮೊಟ್ಟೆ. ಅಕ್ಟೋಬರಿನಲ್ಲಿ ಇಡುತ್ತಿದ್ದ ಮೊಟ್ಟೆಯ ಚಿಪ್ಪು ತೆಳುವಾಗಿ, ಒರಟಾಗಿತ್ತು. ಇದರ ಚಿಪ್ಪು ಗಟ್ಟಿ, ಮೈ ನುಣುಪು, ಗಾತ್ರವೂ ಮೊದಲಿಗಿಂತ ದೊಡ್ಡದು. ಎರಡನೇ ವರ್ಷದಲ್ಲಿ ಲೆಕ್ಕಕ್ಕೆ ಮೊಟ್ಟೆ ಸ್ವಲ್ಪ ಕಡಿಮೆ ಬರುತ್ತದೆ, ಮೊದಲಿನ ನೂರಕ್ಕೆ ಎಂಬತ್ತೋ ತೊಂಬತ್ತೋ. ತೂಕದಲ್ಲಿ ಅದು ಅಷ್ಟಿಷ್ಟು ತುಂಬಿ ಬರುತ್ತದೆ. ಚಿಗವ್ವ ಮೊಟ್ಟೆಯನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿದಳು. "ನಮ್ಮ ಕರೇ ಕೋಳೀನೂ ಮೊನ್ನೆಯಿಂದ ಪುಚ್ಚ ಉದುರಸಾಕತ್ತೈತಿ" ಅಂದಳು. "ನಾಳಿ ಬಂದು ರೆಕ್ಕಿ ಒಂದಿಷ್ಟ ನೋಡ್ತಿ ಏನು?"